ದಂತವೈದ್ಯನ ಕುರ್ಚಿಯಲ್ಲಿ ಹುಟ್ಟಿದ ಅರಿವಳಿಕೆ

ನಾಲ್ಕೈದು ವರ್ಷದ ಮಗುವಿನ ಬಾಯಲ್ಲಿ ಏಳೆಂಟು ಹಲ್ಲುಗಳು ಹುಳುಕು ಹಿಡಿದು, ಮಗು ಭಯದಿಂದ ಬಾಯಿ ತೆರೆಯಲೊಪ್ಪದಿದ್ದಾಗ, ದಂತವೈದ್ಯರು ಒಂದು ಸಲಹೆಯನ್ನು ಮುಂದಿಡುವುದುಂಟು. ಮಗುವನ್ನು ಆಸ್ಪತ್ರೆಗೆ ಸೇರಿಸಿ, ಪೂರ್ಣ ಅರಿವಳಿಕೆ ಕೊಟ್ಟು, ಒಂದೇ ಸಲಕ್ಕೆ ಎಲ್ಲ ಹಲ್ಲುಗಳ ಚಿಕಿತ್ಸೆಯನ್ನೂ ಮುಗಿಸಬಹುದೆಂಬುದೇ ಆ ಸಲಹೆ. ಬೌದ್ಧಿಕ ಅಸಾಮರ್ಥ್ಯವುಳ್ಳವರಿಗೂ, ಕೈಕಾಲು ತಲೆಗಳ ಅಲುಗಾಟವನ್ನು ತಡೆದುಕೊಳ್ಳಲಾರದ ರೋಗಿಗಳಿಗೂ, ಎಲುಬಿನೊಳಗೆ ಹೂತುಹೋದ ಬುದ್ಧಿಹಲ್ಲುಗಳನ್ನು ತೆಗೆಸಬೇಕಾದವರಿಗೂ ಇದೇ ಮಾರ್ಗವನ್ನು ಸೂಚಿಸುತ್ತಾರೆ. ಮನೆಯ ಹಿರಿಯರಿಗೆ ಇದು ಅತಿಯೆನಿಸುತ್ತದೆ. ಹಲ್ಲಿಗೂ ಆಪರೇಷನ್ ಥಿಯೇಟರೇ, ಇಷ್ಟಕ್ಕೆ ಜ್ಞಾನ ತಪ್ಪಿಸಬೇಕೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಇತಿಹಾಸವನ್ನು ನೋಡಿದರೆ ಸಂಗತಿ ತಿರುಗುಮುರುಗಾಗಿದೆ. ಪೂರ್ಣ ಅರಿವಳಿಕೆ ಲೋಕಕ್ಕೆ ಬಂದದ್ದು ಹೊಟ್ಟೆಯ ಶಸ್ತ್ರಕ್ರಿಯೆಗಾಗಿಯೂ ಅಲ್ಲ, ಎದೆಯ ಶಸ್ತ್ರಕ್ರಿಯೆಗಾಗಿಯೂ ಅಲ್ಲ. ಅದನ್ನು ಹುಡುಕಿ ತಂದು ಶಸ್ತ್ರವೈದ್ಯರ ಕೈಗಿತ್ತವರು ಬಹುಮಟ್ಟಿಗೆ ಹಲ್ಲು ಕೀಳುವವರು. ಹಾಗೆ ಕೊಡುವಾಗ ಅವರು ನಡೆಸಿದ ವ್ಯವಹಾರ, ಬಚ್ಚಿಟ್ಟ ಗುಟ್ಟು, ಹೂಡಿದ ದಾವೆ ಇವೆಲ್ಲ ವ್ಯಾಪಾರಿ ಮನೆತನಗಳ ವಾಚಕರು ತಿಳಿಯಬೇಕಾದ ಕಥೆಯಾಗಿದೆ.

ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಮೊದಲಿಗೆ ತಯಾರಿಸಿದನು. ಬ್ರಿಸ್ಟಲ್ ನಗರದ ಬಳಿ ಥಾಮಸ್ ಬೆಡೋಸ್ ಎಂಬ ವೈದ್ಯನು ಅನಿಲಗಳಿಂದ ರೋಗ ಗುಣಪಡಿಸಬಹುದೇ ಎಂದು ಪರೀಕ್ಷಿಸಲು ಒಂದು ಸಂಸ್ಥೆಯನ್ನು ತೆರೆದಿದ್ದನು. ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತರ ತರುಣ ಹಂಫ್ರಿ ಡೇವಿ 1799ರಲ್ಲಿ ಈ ಅನಿಲವನ್ನು ತಾನೇ ಮತ್ತೆ ಮತ್ತೆ ಸೇದಿ ನೋಡಿದನು. ಆ ದಿನಗಳಲ್ಲಿ ಅವನಿಗೆ ಬುದ್ಧಿಹಲ್ಲು ಮೂಡುತ್ತಿತ್ತು. ವಸಡು ಊದಿ ವಿಪರೀತ ನೋವಿತ್ತು. ಅನಿಲವನ್ನು ನಾಲ್ಕೈದು ಉಸಿರು ಎಳೆದೊಡನೆ ನೋವು ತಗ್ಗುವುದನ್ನೂ, ಅಮಲು ಇಳಿದ ಮೇಲೆ ಮರಳುವುದನ್ನೂ ಅವನು ಗಮನಿಸಿದನು. ಹೆಚ್ಚು ರಕ್ತ ಹರಿಯದ ಶಸ್ತ್ರಕ್ರಿಯೆಗಳಲ್ಲಿ ಇದನ್ನು ಬಳಸಬಹುದೆಂದು 1800ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದೂ ಬಿಟ್ಟನು.

ಆಶ್ಚರ್ಯವೆಂದರೆ, ಆ ಮಾತನ್ನು ಓದಿದವರಲ್ಲಿ ಯಾರೂ ಅದರಂತೆ ನಡೆಯಲಿಲ್ಲ. ಡೇವಿಯೇ ಬೇರೆ ಸಂಶೋಧನೆಗಳತ್ತ ಹೊರಳಿದನು. ಶ್ರಾಪ್‌ಶೈರ್ ಪ್ರಾಂತದ ತರುಣ ವೈದ್ಯ ಹೆನ್ರಿ ಹಿಲ್ ಹಿಕ್‌ಮನ್ 1824ರಲ್ಲಿ ಪ್ರಾಣಿಗಳಿಗೆ ಇಂಗಾಲಾಮ್ಲವನ್ನು ಉಸಿರಾಡಿಸಿ ಜ್ಞಾನ ತಪ್ಪಿಸಿ ತೋರಿಸಿದನು. ಅವನಿಗೂ ಯಾರೂ ಕಿವಿಗೊಡಲಿಲ್ಲ. ನೈಟ್ರಸ್ ಆಕ್ಸೈಡಿಗೆ ‘ನಗೆ ಅನಿಲ’ವೆಂಬ ಹೆಸರು ಬಂದು, ಅದು ಜಾತ್ರೆಯ ಮನರಂಜನೆಯಾಯಿತು. ಈಥರಿನ ಗತಿಯೂ ಅದೇ. ನಾಲ್ವತ್ತು ವರ್ಷಕ್ಕೂ ಮಿಕ್ಕಿ ಜನರು ಅನಿಲ ಸೇದಿ ಕುಣಿದರು, ಬಿದ್ದರು, ನಕ್ಕರು. ಅದೇ ಊರಿನ ಮತ್ತೊಂದು ಬೀದಿಯಲ್ಲಿ ಹಲ್ಲುನೋವಿನವನನ್ನು ಇಬ್ಬರು ಹಿಡಿದು ಕೂರಿಸಿ ಇಕ್ಕಳ ಹಾಕುತ್ತಿದ್ದರು. ಎರಡನ್ನೂ ಕೂಡಿಸಿ ನೋಡುವ ಕಣ್ಣು ಮಾತ್ರ ಇರಲಿಲ್ಲ.

ಆ ಕಣ್ಣು ಒದಗಿದ್ದು 1844ರ ಡಿಸೆಂಬರ್ 10ರ ರಾತ್ರಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ. ಗಾರ್ಡ್‌ನರ್ ಕ್ವಿನ್ಸಿ ಕೋಲ್ಟನ್ ಎಂಬವನು ಅಲ್ಲಿ ನಗೆ ಅನಿಲದ ಪ್ರದರ್ಶನವನ್ನೇರ್ಪಡಿಸಿದ್ದನು. ಟಿಕೆಟಿನ ಬೆಲೆ 25 ಸೆಂಟು. 40 ಗ್ಯಾಲನ್ ಅನಿಲವಿದೆಯೆಂದೂ, ಅಮಲೇರಿದವರು ತಮಗಾಗಲಿ ಇತರರಿಗಾಗಲಿ ಗಾಯ ಮಾಡಿಕೊಳ್ಳದಂತೆ ಎಂಟು ಮಂದಿ ಬಲಶಾಲಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಲಾಗಿದೆಯೆಂದೂ ಪತ್ರಿಕೆಯಲ್ಲಿ ಜಾಹೀರಾತಿತ್ತು. ಔಷಧದಂಗಡಿಯ ಗುಮಾಸ್ತ ಸ್ಯಾಮ್ಯುಯೆಲ್ ಕೂಲಿ ಅನಿಲ ಸೇದಿ ಓಡಾಡುವಾಗ ಬೆಂಚಿಗೆ ಬಡಿದು ಕಾಲಿಗೆ ಗಾಯ ಮಾಡಿಕೊಂಡನು. ತನ್ನ ಜಾಗಕ್ಕೆ ಮರಳಿ ಕುಳಿತಾಗ ರಕ್ತ ಹರಿಯುತ್ತಿದ್ದರೂ ಅವನಿಗೆ ಅದರ ಅರಿವಿಲ್ಲ. ಸಮೀಪದಲ್ಲಿದ್ದ ಹೊರೇಸ್ ವೆಲ್ಸ್ ಎಂಬ 29 ವರ್ಷದ ದಂತವೈದ್ಯನು ಇದನ್ನು ಕಂಡನು. ಸಭೆಯಲ್ಲಿದ್ದ ಮಿಕ್ಕವರು ನಗುತ್ತಿದ್ದಾಗ ಅವನೊಬ್ಬನು ನೋವಿಲ್ಲದ ಗಾಯದ ವಿಷಯವನ್ನು ಯೋಚಿಸಿದನು.

ಮಾರನೆಯ ದಿನವೇ, ಎಂದರೆ ಡಿಸೆಂಬರ್ 11ರಂದು, ಕೋಲ್ಟನ್ ಅನಿಲದ ಚೀಲವನ್ನು ವೆಲ್ಸನ ಚಿಕಿತ್ಸಾಲಯಕ್ಕೆ ತಂದನು. ಪ್ರಯೋಗಕ್ಕೆ ವೆಲ್ಸನು ಯಾವ ರೋಗಿಯನ್ನೂ ಕರೆಯಲಿಲ್ಲ. ತಾನೇ ಕುರ್ಚಿಯಲ್ಲಿ ಕುಳಿತನು. ತೊಂದರೆ ಕೊಡುತ್ತಿದ್ದ ಅವನ ಬುದ್ಧಿಹಲ್ಲನ್ನು ಕಿತ್ತವನು ಅದೇ ಊರಿನ ಜಾನ್ ರಿಗ್ಸ್. ಇಂದು ಪಯೋರಿಯಾ ಎನ್ನುವ ವಸಡಿನ ರೋಗಕ್ಕೆ ಬಹುಕಾಲ ‘ರಿಗ್ಸ್ ರೋಗ’ವೆಂಬ ಹೆಸರಿದ್ದದ್ದು ಇವನಿಂದಲೇ. ಹಲ್ಲು ಹೊರಬಂದಿತು, ವೆಲ್ಸನಿಗೆ ನೋವು ತಿಳಿಯಲಿಲ್ಲ. ಮುಂದಿನ ವಾರಗಳಲ್ಲಿ ಹತ್ತು ಹನ್ನೆರಡು ಮಂದಿಗೆ ಅವನು ಹೀಗೆಯೇ ಹಲ್ಲು ಕಿತ್ತನು. ತಂತ್ರವನ್ನು ಕೇಳಿದ ನೆರೆಯ ದಂತವೈದ್ಯರಿಗೆಲ್ಲ ಹೇಳಿಕೊಟ್ಟನು. ಹಕ್ಕುಪತ್ರ ಮಾಡಿಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ.

1845ರ ಜನವರಿಯಲ್ಲಿ ವೆಲ್ಸನು ಬಾಸ್ಟನ್ನಿಗೆ ಹೋಗಿ, ಅಂದಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್ನನ ವಿದ್ಯಾರ್ಥಿಗಳೆದುರು ತನ್ನ ವಿಧಾನವನ್ನು ಪ್ರದರ್ಶಿಸಿದನು. ಅನಿಲದ ಚೀಲವನ್ನು ಸ್ವಲ್ಪ ಬೇಗ ತೆಗೆದುದರಿಂದಲೋ ಏನೋ, ಹಲ್ಲು ಕೀಳುವಾಗ ರೋಗಿ ನರಳಿದನು. ತನಗೆ ಹೆಚ್ಚು ನೋವಾಗಲಿಲ್ಲವೆಂದು ಆತ ಆಮೇಲೆ ಒಪ್ಪಿಕೊಂಡರೂ, ಅಷ್ಟರಲ್ಲಿ ಸಭೆ ಇದು ಮೋಸವೆಂದು ಕೂಗಿ ಗೇಲಿ ಮಾಡಿತ್ತು. ವೆಲ್ಸನು ಊರಿಗೆ ಮರಳಿ ಅಸ್ವಸ್ಥನಾದನು. ಕೆಲವು ಕಾಲ ದಂತವೈದ್ಯವನ್ನೇ ಬಿಟ್ಟನು. ಒಂದು ನರಳಾಟಕ್ಕೆ ಇಷ್ಟು ದೊಡ್ಡ ದಂಡವೇ ಎಂದೆನಿಸುವುದು ಸಹಜ. ಅಂದಿನ ಶಸ್ತ್ರಕ್ರಿಯೆಯಲ್ಲಿ ರೋಗಿ ಕಿರುಚಿಕೊಳ್ಳುವುದೇ ನಿತ್ಯದ ರೂಢಿಯಾಗಿದ್ದಾಗ, ಕೇವಲ ನರಳಿದವನನ್ನು ಕಂಡು ವೈದ್ಯ ವಿದ್ಯಾರ್ಥಿಗಳು ನಕ್ಕರೆಂಬುದು ವಿಚಿತ್ರವೇ ಸರಿ.

ಆ ಊರಿನಲ್ಲಿ ವೆಲ್ಸನಿಗೆ ಪರಿಚಿತನಾದವನು ವಿಲಿಯಂ ಥಾಮಸ್ ಗ್ರೀನ್ ಮಾರ್ಟನ್. ಅವನಿಗಿಂತ ನಾಲ್ಕು ವರ್ಷ ಕಿರಿಯ, ಹಲ್ಲಿನ ಕೆಲಸವನ್ನು ಅವನಿಂದಲೇ ಕಲಿತವನು, ಸ್ವಲ್ಪ ಕಾಲ ಅವನ ಪಾಲುದಾರನೂ ಆಗಿದ್ದವನು. ಮಾರ್ಟನ್ನನ ಕಸುಬು ಕೃತಕ ದಂತಪಂಕ್ತಿಗಳನ್ನು ತಯಾರಿಸಿ ಮಾರುವುದು. ಆ ಪಂಕ್ತಿ ಬಾಯಲ್ಲಿ ಸರಿಯಾಗಿ ಕೂರಬೇಕಾದರೆ ಹಳೆಯ ಹಲ್ಲುಗಳ ಮುರುಕಲು ಬೇರುಗಳನ್ನೆಲ್ಲ ಮೊದಲು ಕಿತ್ತು ತೆಗೆಯಬೇಕು. ಅಷ್ಟು ನೋವನ್ನು ತಾಳುವ ಗಿರಾಕಿಗಳು ವಿರಳ. ಬಂದವರು ಬಾಗಿಲಲ್ಲಿಯೇ ಹಿಂದಿರುಗುತ್ತಿದ್ದರು. ನೋವನ್ನು ಗೆಲ್ಲುವ ಉಪಾಯ ಅವನಿಗೆ ದಯೆಯ ವಿಷಯ ಮಾತ್ರವಲ್ಲದೆ ಅಂಗಡಿಯ ಅಗತ್ಯವೂ ಆಗಿತ್ತು. ಇದನ್ನು ಹೀನವೆಂದು ತಿಳಿಯಬೇಕಾಗಿಲ್ಲ. ಡೇವಿಯಂಥ ವಿದ್ವಾಂಸನು ಬರೆದು ಬಿಟ್ಟ ಮಾತನ್ನು ನಾಲ್ವತ್ತು ವರ್ಷ ಯಾವ ವೈದ್ಯನೂ ಕೈಗೆತ್ತಿಕೊಳ್ಳದಿದ್ದಾಗ, ಗಿರಾಕಿಯ ಕಷ್ಟವನ್ನು ದಿನಾ ಎದುರಿಗೆ ಕಾಣುವ ಕಸುಬುದಾರನೇ ಅದರ ಬೆನ್ನು ಹತ್ತಿದನೆಂಬುದನ್ನು ಮರೆಯಬಾರದು.

ಮಾರ್ಟನ್ನನಿಗೆ ಈಥರಿನ ಗುಣವನ್ನು ತಿಳಿಸಿದವನು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಥಾಮಸ್ ಜಾಕ್ಸನ್. ಶುದ್ಧವಾದ ಸಲ್ಫ್ಯೂರಿಕ್ ಈಥರನ್ನೇ ಬಳಸಬೇಕೆಂದು ಅವನು ಸೂಚಿಸಿದನು. ಎಷ್ಟನ್ನು ಹೇಳಿದನು, ಯಾವಾಗ ಹೇಳಿದನು ಎಂಬುದರ ಮೇಲೆಯೇ ಮುಂದಿನ ಇಪ್ಪತ್ತು ವರ್ಷಗಳ ಜಗಳ ನಡೆಯಿತು. ಮಾರ್ಟನ್ ಮೊದಲು ತನ್ನ ಸಾಕುನಾಯಿಯ ಮೇಲೆ, ಬಳಿಕ ತನ್ನ ಮೇಲೆಯೇ ಈಥರನ್ನು ಪರೀಕ್ಷಿಸಿದನು. 1846ರ ಸೆಪ್ಟೆಂಬರ್ 30ರ ಸಂಜೆ ಎಬೆನ್ ಫ್ರಾಸ್ಟ್ ಎಂಬ ಸಂಗೀತ ಶಿಕ್ಷಕನು ಹಲ್ಲುನೋವಿನಿಂದ ಚಡಪಡಿಸುತ್ತ ಬಂದು, ತನ್ನನ್ನು ಸಂಮೋಹನಗೊಳಿಸಿ ಹಲ್ಲು ಕೀಳಬೇಕೆಂದು ಬೇಡಿದನು. ಅದಕ್ಕಿಂತ ಒಳ್ಳೆಯದು ತನ್ನಲ್ಲಿದೆಯೆಂದು ಮಾರ್ಟನ್ ಕರವಸ್ತ್ರಕ್ಕೆ ಈಥರ್ ಸುರಿದು ಉಸಿರಾಡಿಸಿದನು. ಕಣ್ತೆರೆದಾಗ ಫ್ರಾಸ್ಟನ ಹಲ್ಲು ನೆಲದ ಮೇಲಿತ್ತು. ಮಾರನೆಯ ದಿನ ಬಾಸ್ಟನ್ನಿನ ಪತ್ರಿಕೆಯಲ್ಲಿ ಸುದ್ದಿ ಬಂದಿತು.

ಎರಡು ವಾರ ಕಳೆದ ಮೇಲೆ, ಅಕ್ಟೋಬರ್ 16ರಂದು, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಗುಮ್ಮಟದ ಕೆಳಗಿನ ಶಸ್ತ್ರಕ್ರಿಯಾ ಮಂದಿರದಲ್ಲಿ ಅದೇ ವಾರೆನ್ನನು ಎಡ್ವರ್ಡ್ ಗಿಲ್ಬರ್ಟ್ ಅಬಟ್ ಎಂಬ ರೋಗಿಯ ದವಡೆಯ ಕೆಳಗಿನ ಗೆಡ್ಡೆಗೆ ಶಸ್ತ್ರ ಹಾಕಲು ಸಿದ್ಧನಾಗಿದ್ದನು. ಉಸಿರಾಟದ ಗಾಜಿನ ಪಾತ್ರೆಯನ್ನು ಸರಿಪಡಿಸಿಕೊಂಡು ಬರುವುದರಲ್ಲಿ ಮಾರ್ಟನ್ನನಿಗೆ ತಡವಾಯಿತು. ಅವನು ಬಾರನೆಂದು ವಾರೆನ್ ಕೆಲಸಕ್ಕೆ ತೊಡಗುವುದರಲ್ಲಿದ್ದನು. ಮಾರ್ಟನ್ ಬಂದು ಈಥರ್ ಕೊಟ್ಟನು, ರೋಗಿ ಅಲುಗದೆ ಮಲಗಿದನು. ಒಂದೂಮುಕ್ಕಾಲು ವರ್ಷದ ಹಿಂದೆ ವೆಲ್ಸನ ಸೋಲನ್ನು ಕಂಡಿದ್ದ ವಾರೆನ್ನನೇ ಈ ಸಲ ಇದು ಮೋಸವಲ್ಲವೆಂದು ಸಭೆಗೆ ಹೇಳಿದನೆಂದು ಪ್ರತೀತಿ. ಆ ಗುಮ್ಮಟಕ್ಕೆ ಇಂದಿಗೂ ಈಥರ್ ಗುಮ್ಮಟವೆಂದೇ ಹೆಸರು.

ಇಲ್ಲಿಂದ ಮುಂದಿನದು ಲೆಕ್ಕಪತ್ರದ ಕಥೆ. ತಾನು ಕೊಟ್ಟ ದ್ರವ ಯಾವುದೆಂದು ಮಾರ್ಟನ್ ಹೇಳಲಿಲ್ಲ. ಅದಕ್ಕೆ ಬಣ್ಣವನ್ನೂ ಸುಗಂಧವನ್ನೂ ಬೆರೆಸಿ, ಗ್ರೀಕ್ ಪುರಾಣದಲ್ಲಿ ಮರೆವನ್ನು ತರುವ ಲೀಥಿ ಎಂಬ ನದಿಯ ಹೆಸರಿನಿಂದ ‘ಲೀಥಿಯಾನ್’ ಎಂದು ಕರೆದನು. ಜಾಕ್ಸನ್ ತನ್ನ ಹಕ್ಕನ್ನು ಮಾರ್ಟನ್ನನಿಗೆ ಬರೆದುಕೊಟ್ಟು, ಬದಲಿಗೆ ಬರುವ ಲಾಭದಲ್ಲಿ ಶೇಕಡ 10ರಷ್ಟನ್ನು ಪಡೆಯುವುದೆಂದು ಕರಾರಾಯಿತು. 1846ರ ನವೆಂಬರ್ 12ರಂದು ಇಬ್ಬರ ಹೆಸರಿನಲ್ಲಿ 4848ನೇ ಸಂಖ್ಯೆಯ ಅಮೆರಿಕನ್ ಪೇಟೆಂಟ್ ಮಂಜೂರಾಯಿತು. ಮಾರ್ಟನ್ ಧರ್ಮಾರ್ಥ ಆಸ್ಪತ್ರೆಗಳಿಗೆ ಉಚಿತವಾಗಿ ಬಿಟ್ಟು, ಮಿಕ್ಕ ದಂತವೈದ್ಯರಿಗೂ ಶಸ್ತ್ರವೈದ್ಯರಿಗೂ ಪರವಾನಗಿಗಳನ್ನು ಮಾರಲು ಪ್ರತಿನಿಧಿಗಳನ್ನು ನೇಮಿಸಿದನು.

ಗುಟ್ಟನ್ನು ಮುರಿದದ್ದು ಆಸ್ಪತ್ರೆಯ ವೈದ್ಯರು. ನವೆಂಬರ್ 7ರಂದು ತರುಣಿಯೊಬ್ಬಳ ಕಾಲನ್ನು ಕತ್ತರಿಸಬೇಕಾಗಿತ್ತು. ಯಾವುದೆಂದು ತಿಳಿಯದ ವಸ್ತುವನ್ನು ರೋಗಿಯ ಉಸಿರಿಗೆ ಬಿಡಲಾರೆವೆಂದು ವೈದ್ಯರು ಪಟ್ಟು ಹಿಡಿದರು. ಅವರ ದೃಷ್ಟಿಯಲ್ಲಿ ಗುಟ್ಟಿನ ಮದ್ದು ಮಾರುವವನೂ ವೈದ್ಯನೂ ಒಂದೇ ಸಾಲಿನಲ್ಲಿ ನಿಲ್ಲುವವರಲ್ಲ. ಕೊನೆಗೆ ಇದು ಈಥರೇ ಎಂದು ಮಾರ್ಟನ್ ಒಪ್ಪಿಕೊಂಡನು. ಶಸ್ತ್ರಕ್ರಿಯೆ ನಡೆಯಿತು, ಸಫಲವಾಯಿತು. ನವೆಂಬರ್ 18ರಂದು ಹೆನ್ರಿ ಜೇಕಬ್ ಬಿಗೆಲೋ ಬರೆದ ವರದಿ ಬಾಸ್ಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿ, ಹಡಗಿನ ಮೂಲಕ ಯೂರೋಪನ್ನು ಸೇರಿತು.

ವ್ಯಾಪಾರದಲ್ಲಿ ಗುಟ್ಟಿರುವುದು ಹೊಸದಲ್ಲ. ಅತ್ತರಿನ ಮಿಶ್ರಣವನ್ನು, ಬಣ್ಣದ ಪಾಕವನ್ನು, ಮಸಾಲೆಯ ಅಳತೆಯನ್ನು ತಲೆಮಾರುಗಳಿಂದ ಗುಟ್ಟಾಗಿ ಇಟ್ಟುಕೊಂಡ ಅಂಗಡಿಗಳಿವೆ. ಅದರಲ್ಲಿ ದೋಷವನ್ನು ಯಾರೂ ಎಣಿಸರು. ಗಿರಾಕಿ ಮೂಸಿ ನೋಡುತ್ತಾನೆ, ನಾಲಿಗೆಗೆ ಹಚ್ಚಿ ನೋಡುತ್ತಾನೆ, ಒಗ್ಗದಿದ್ದರೆ ಬಿಟ್ಟು ಹೋಗುತ್ತಾನೆ. ಆದರೆ ಅರಿವಳಿಕೆ ಪಡೆಯುವ ಗಿರಾಕಿಯ ಸ್ಥಿತಿಯೇ ಬೇರೆ. ಅವನು ಕೊಂಡದ್ದು ತನ್ನ ಅರಿವನ್ನೇ ಕಳೆಯುವ ಸರಕು. ಒಮ್ಮೆ ಅದು ಒಳಗೆ ಹೋದ ಮೇಲೆ ತೂಕ ನೋಡುವವನೂ ಇಲ್ಲ, ಬೇಡವೆನ್ನುವವನೂ ಇಲ್ಲ. ತಾನು ಎಚ್ಚರವಿಲ್ಲದಾಗ ಮತ್ತೊಬ್ಬನ ಎಚ್ಚರವನ್ನೇ ನಂಬಿ ಅವನು ಮಲಗಿದ್ದಾನೆ. ಅಂಥ ಸರಕಿನ ಹೆಸರನ್ನು ಬಣ್ಣ ಬೆರೆಸಿ ಮರೆಮಾಡುವುದು ಅತ್ತರಿನ ಗುಟ್ಟಿಗೆ ಸಮನಾಗಲಾರದು. ಮಾರ್ಟನ್ ಪೇಟೆಂಟ್ ಪಡೆದದ್ದು ತಪ್ಪೇ ಎಂಬ ಬಗ್ಗೆ ಇಂದಿಗೂ ವಾದಿಸಬಹುದು. ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು, ಖರ್ಚು ಮಾಡಿದವನು ಲಾಭ ಬಯಸುವುದು ಲೋಕರೂಢಿ. ಹೆಸರನ್ನು ಬಚ್ಚಿಟ್ಟದ್ದಕ್ಕೆ ಮಾತ್ರ ಸಮಜಾಯಿಷಿ ದೊರೆಯದು.

ಪೇಟೆಂಟಿನಿಂದ ಹಣವೂ ಬರಲಿಲ್ಲ. ಈಥರ್ ಮುನ್ನೂರು ವರ್ಷಗಳಿಂದ ತಿಳಿದಿದ್ದ, ಯಾವ ಔಷಧದಂಗಡಿಯಲ್ಲಾದರೂ ಸಿಕ್ಕುವ ವಸ್ತು. ಹೆಸರು ಹೊರಬಿದ್ದ ಮೇಲೆ ಪರವಾನಗಿಯನ್ನು ಕೊಳ್ಳುವವರಾರು? ಮೆಕ್ಸಿಕೋ ಯುದ್ಧದಲ್ಲಿ ಅಮೆರಿಕದ ಸೈನ್ಯವೇ ಪೇಟೆಂಟನ್ನು ಲಕ್ಷಿಸದೆ ಈಥರ್ ಬಳಸಿತು. ಮಾರ್ಟನ್ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲ್ಲಿನ ಶಾಸನಸಭೆಯ ಬಾಗಿಲು ಕಾಯ್ದನು. ಒಂದು ಲಕ್ಷ ಡಾಲರ್ ಕೊಡಬೇಕೆಂಬ ಮಸೂದೆ ಮತ್ತೆ ಮತ್ತೆ ಮಂಡನೆಯಾಗಿ, ಮತ್ತೆ ಮತ್ತೆ ಬಿದ್ದುಹೋಯಿತು. ಒಮ್ಮೆ ಜಾಕ್ಸನ್ನನ ಪಕ್ಷದವರು, ಒಮ್ಮೆ ವೆಲ್ಸನ ಪಕ್ಷದವರು ಅಡ್ಡ ಬರುತ್ತಿದ್ದರು. 1862ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಪೇಟೆಂಟೇ ಅಸಿಂಧುವೆಂದು ತೀರ್ಪಿತ್ತಿತು. 1868ರ ಜುಲೈ 15ರಂದು, 48ನೇ ವಯಸ್ಸಿನಲ್ಲಿ, ಮಾರ್ಟನ್ ನ್ಯೂಯಾರ್ಕಿನಲ್ಲಿ ಕುಸಿದುಬಿದ್ದು ತೀರಿಕೊಂಡನು. ಜಾಕ್ಸನ್ ತನ್ನ ಕೊನೆಯ ವರ್ಷಗಳನ್ನು ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಕಳೆದು 1880ರಲ್ಲಿ ನಿಧನನಾದನು.

ವೆಲ್ಸನ ಅಂತ್ಯ ಇವೆರಡಕ್ಕಿಂತಲೂ ದಾರುಣ. ಪ್ಯಾರಿಸ್ಸಿಗೆ ಹೋಗಿ ತನ್ನ ಹಕ್ಕನ್ನು ಮಂಡಿಸಿ ಬಂದ ಅವನು ನ್ಯೂಯಾರ್ಕಿನಲ್ಲಿ ನೆಲಸಿ, ಕ್ಲೋರೋಫಾರಮನ್ನು ತನ್ನ ಮೇಲೆಯೇ ದಿನದಿನವೂ ಪ್ರಯೋಗಿಸುತ್ತ ಬುದ್ಧಿ ಸ್ತಿಮಿತವನ್ನು ಕಳೆದುಕೊಂಡನು. ಬೀದಿಯಲ್ಲಿ ಸ್ತ್ರೀಯರ ಮೇಲೆ ಆಮ್ಲ ಎರಚಿದ ಆರೋಪದಿಂದ ಬಂಧಿತನಾಗಿ, 1848ರ ಜನವರಿ 24ರಂದು ಸೆರೆಮನೆಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ವಯಸ್ಸು 33. ಆ ಅರಿವಳಿಕೆಯ ಮೊದಲ ಶೋಧಕನೆಂದು ಪ್ಯಾರಿಸ್ಸಿನ ವೈದ್ಯಕೀಯ ಸಂಘ ಅವನನ್ನು ಮನ್ನಿಸಿದ ಸಮಾಚಾರ ಅವನು ಸತ್ತ ಮೇಲೆ ತಲುಪಿತು. ಅಮೆರಿಕದ ದಂತವೈದ್ಯರ ಸಂಘ 1864ರಲ್ಲಿಯೂ ವೈದ್ಯರ ಸಂಘ 1870ರಲ್ಲಿಯೂ ಶೋಧಕನ ಗೌರವವನ್ನು ಅವನಿಗೇ ಸಲ್ಲಿಸಿದುವು.

ಈ ಮೂವರ ಪಕ್ಕದಲ್ಲಿ ಜಾರ್ಜಿಯಾ ರಾಜ್ಯದ ಹಳ್ಳಿಯ ವೈದ್ಯ ಕ್ರಾಫರ್ಡ್ ಲಾಂಗನನ್ನು ನೆನೆಯಬೇಕು. ಇವರೆಲ್ಲರಿಗಿಂತ ಮೊದಲೇ, 1842ರ ಮಾರ್ಚ್ 30ರಂದು, ಅವನು ಜೇಮ್ಸ್ ವೆನಬಲ್ ಎಂಬವನಿಗೆ ಈಥರ್ ಕೊಟ್ಟು ಕುತ್ತಿಗೆಯ ಗೆಡ್ಡೆಯನ್ನು ತೆಗೆದಿದ್ದನು. ಈಥರೂ ಶಸ್ತ್ರಕ್ರಿಯೆಯೂ ಸೇರಿ ಅವನ ಖಾತೆಯಲ್ಲಿ ಬರೆದ ಮೊಬಲಗು 2 ಡಾಲರ್. ಆದರೆ ಅವನು 1849ರವರೆಗೆ ಅದನ್ನು ಪ್ರಕಟಿಸಲಿಲ್ಲ. ಮೌನದಿಂದಲೂ ನಷ್ಟವುಂಟು. ಆ ಏಳು ವರ್ಷಗಳಲ್ಲಿ ಅವನ ಊರಿನಾಚೆ ಎಷ್ಟು ಜನ ಎಚ್ಚರದಲ್ಲಿಯೇ ಕತ್ತಿಗೆ ಮೈಯೊಡ್ಡಿದರೋ ಅದಕ್ಕೆ ಲೆಕ್ಕವಿಲ್ಲ. ಬಾಸ್ಟನ್ನಿನ ಉದ್ಯಾನದಲ್ಲಿ 1868ರಲ್ಲಿ ಸ್ಥಾಪಿತವಾದ ಈಥರ್ ಸ್ಮಾರಕದ ಮೇಲೆ ಶೋಧಕನ ಹೆಸರೇ ಇಲ್ಲ. ಗಾಯಾಳುವನ್ನು ಆರೈಕೆ ಮಾಡುವ ದಾರಿಹೋಕನ ಶಿಲ್ಪ ಮಾತ್ರವಿದೆ. ಯಾರ ಹೆಸರು ಕೆತ್ತಿದರೂ ಜಗಳವಾದೀತೆಂಬ ಸ್ಥಿತಿ ಅಂದಿನದು.

ಇಂಗ್ಲೆಂಡಿನಲ್ಲಿಯೂ ಈಥರಿನ ಮೊದಲ ಬಳಕೆ ಹಲ್ಲಿಗೇ. ಲಂಡನ್ನಿನ ದಂತವೈದ್ಯ ಜೇಮ್ಸ್ ರಾಬಿನ್ಸನ್ 1846ರ ಡಿಸೆಂಬರ್ 19ರಂದು ತರುಣಿಯೊಬ್ಬಳ ದವಡೆಹಲ್ಲನ್ನು ಈಥರ್ ಕೊಟ್ಟು ಕಿತ್ತನು. ರಾಬರ್ಟ್ ಲಿಸ್ಟನ್ನನು ಕಾಲು ಕತ್ತರಿಸಿದ ಪ್ರಸಿದ್ಧ ಶಸ್ತ್ರಕ್ರಿಯೆ ಅದಾಗಿ ಎರಡು ದಿನದ ಮೇಲಿನದು. 1847ರ ಮಾರ್ಚ್ ತಿಂಗಳಲ್ಲಿ ಈಥರ್ ಕಲ್ಕತ್ತೆಯನ್ನು ತಲುಪಿತು. ಅದೇ ವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರಮನ್ನು ಬಳಕೆಗೆ ತಂದನು. ಅದರ ವಾಸನೆ ಹಿತ, ಕೆಲಸ ಶೀಘ್ರ, ಬೇಕಾದದ್ದು ಕೆಲವೇ ಹನಿ. ಅಪಾಯವೂ ಅಷ್ಟೇ ಶೀಘ್ರವೆಂದು ತಿಳಿಯಲು ಮೂರು ತಿಂಗಳೂ ಬೇಕಾಗಲಿಲ್ಲ. 1848ರ ಜನವರಿ 28ರಂದು ನ್ಯೂಕಾಸಲ್ ಬಳಿ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕುಳಿತವಳು, ಕೆಲವೇ ನಿಮಿಷಗಳಲ್ಲಿ ಮೃತಳಾದಳು. ದಂತವೈದ್ಯರ ಕುರ್ಚಿಗಳಲ್ಲಿಯೂ ಹಲವರು ಹೀಗೆಯೇ ತೀರಿಕೊಂಡರು.

ಕ್ಲೋರೋಫಾರಂ ಕೊಲ್ಲುವುದು ಉಸಿರನ್ನು ನಿಲ್ಲಿಸಿಯೋ ಹೃದಯವನ್ನು ನಿಲ್ಲಿಸಿಯೋ ಎಂಬ ವಿವಾದವು ಹೈದರಾಬಾದಿಗೆ ಬಂದು ಮುಟ್ಟಿತು. ಅಂದು ಬೀದರ, ಕಲಬುರಗಿ, ರಾಯಚೂರುಗಳು ಸೇರಿದ್ದ ನಿಜಾಮ ಸಂಸ್ಥಾನದ ರಾಜಧಾನಿಯಲ್ಲಿ, ರೆಸಿಡೆನ್ಸಿಯ ಶಸ್ತ್ರವೈದ್ಯ ಎಡ್ವರ್ಡ್ ಲಾರಿಯ ಒತ್ತಾಯದಿಂದ 1888ರಲ್ಲಿಯೂ 1889ರಲ್ಲಿಯೂ ಎರಡು ಕ್ಲೋರೋಫಾರಂ ಆಯೋಗಗಳು ಕುಳಿತವು. ವೆಚ್ಚ ನಿಜಾಮನದು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ಲೋಕದ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರಲ್ಲಿ ಒಬ್ಬರೆಂದು ಗಣಿಸಲ್ಪಡುವ ರೂಪಾಬಾಯಿ ಫರ್ದೂನ್‌ಜಿ ಅವರು ಕ್ಲೋರೋಫಾರಂ ವಿದ್ಯೆಯನ್ನು ಪಡೆದದ್ದೂ ಆ ಕಾಲದ ಹೈದರಾಬಾದಿನಲ್ಲಿಯೇ. ನೂರಾರು ನಾಯಿಗಳೂ ಕೋತಿಗಳೂ ಆ ಪರೀಕ್ಷೆಗಳಲ್ಲಿ ಪ್ರಾಣ ಬಿಟ್ಟವು. ಉಸಿರನ್ನು ಕಾಯ್ದರೆ ಸಾಕು, ಹೃದಯದ ಭಯವಿಲ್ಲ ಎಂಬುದು ಆಯೋಗದ ತೀರ್ಮಾನ. ಆದರೆ 1911ರಲ್ಲಿ ಗುಡ್‌ಮನ್ ಲೆವಿ ಎಂಬ ಸಂಶೋಧಕನು ಕ್ಲೋರೋಫಾರಂ ಹೃದಯದ ಬಡಿತವನ್ನೇ ಕದಡಿ ಥಟ್ಟನೆ ಕೊಲ್ಲಬಲ್ಲದೆಂದು ತೋರಿಸಿದನು. ಅಷ್ಟೊಂದು ಮೂಕಪ್ರಾಣಿಗಳ ಸಾವಿನಿಂದ ಹೊರಟ ತೀರ್ಪು, ಮನುಷ್ಯರಿಗೂ ಸುಳ್ಳು ಧೈರ್ಯವನ್ನು ಕೊಟ್ಟಂತಾಯಿತು. ಜೀವದಯೆಯನ್ನು ಧರ್ಮವೆಂದು ನಡೆಯುವ ವಾಚಕರಿಗೆ ಈ ಭಾಗವನ್ನು ಓದುವುದು ಕಷ್ಟ. ಆದರೂ ಲೆಕ್ಕದಿಂದ ಇದನ್ನು ಬಿಡುವಂತಿಲ್ಲ.

ಇತ್ತ ವೆಲ್ಸನ ನಗೆ ಅನಿಲವನ್ನು ಮತ್ತೆ ಎತ್ತಿ ಹಿಡಿದವನು ಅದೇ ಪ್ರದರ್ಶನಕಾರ ಕೋಲ್ಟನ್. 1863ರಲ್ಲಿ ನ್ಯೂ ಹೇವನ್ ಎಂಬ ಊರಿನಲ್ಲಿ ದಂತವೈದ್ಯನೊಬ್ಬನೊಡನೆ ಸೇರಿ ಅದನ್ನು ಹಲ್ಲಿಗೆ ಬಳಸಿ ಯಶಸ್ಸು ಕಂಡು, ಬಳಿಕ ನ್ಯೂಯಾರ್ಕಿನಲ್ಲಿ ಹಲ್ಲು ಕೀಳುವುದಕ್ಕೆಂದೇ ಒಂದು ಸಂಸ್ಥೆಯನ್ನು ತೆರೆದನು. ಅನಿಲ ಪಡೆದ ಪ್ರತಿಯೊಬ್ಬ ರೋಗಿಯಿಂದಲೂ ಉದ್ದನೆಯ ಸುರುಳಿಯೊಂದರಲ್ಲಿ ಕ್ರಮಸಂಖ್ಯೆಯೊಡನೆ ಸಹಿ ಹಾಕಿಸಿಕೊಳ್ಳುವುದು ಅವನ ಪದ್ಧತಿ. ಅವನು 1898ರಲ್ಲಿ ತೀರಿಕೊಳ್ಳುವ ವೇಳೆಗೆ ಆ ಸಹಿಗಳು ಲಕ್ಷವನ್ನು ಮೀರಿದ್ದುವು. ಬಯಲಲ್ಲಿ ಆಟ ತೋರಿಸುತ್ತಿದ್ದವನು ಇಟ್ಟ ಈ ದಾಖಲೆ, ಅಂದಿನ ಅನೇಕ ವೈದ್ಯರಲ್ಲಿಯೂ ಇರಲಿಲ್ಲ.

ಆದರೂ ಒಂದು ದೋಷ ಬಹುಕಾಲ ಉಳಿಯಿತು. ಅಂದು ಕೊಡುತ್ತಿದ್ದದ್ದು ಬರಿಯ ನೈಟ್ರಸ್ ಆಕ್ಸೈಡ್. ಅದರೊಡನೆ ಪ್ರಾಣವಾಯು ಬೆರೆತಿರುತ್ತಿರಲಿಲ್ಲ. ರೋಗಿಯ ತುಟಿ ನೀಲಿಗಟ್ಟುವವರೆಗೆ ಕೊಟ್ಟು, ಎಚ್ಚರ ಮರಳುವ ಮುನ್ನ ಸಿಕ್ಕುವ ಒಂದು ನಿಮಿಷದೊಳಗೆ ಹಲ್ಲು ಕೀಳಬೇಕಾಗಿತ್ತು. ಜ್ಞಾನ ತಪ್ಪಿಸುತ್ತಿದ್ದದ್ದು ಅನಿಲ ಎಷ್ಟೋ, ಉಸಿರುಕಟ್ಟು ಎಷ್ಟೋ. ಪ್ರಾಣವಾಯುವನ್ನು ಬೆರೆಸಬೇಕೆಂದು ಷಿಕಾಗೋದ ಎಡ್ಮಂಡ್ ಆಂಡ್ರೂಸ್ 1868ರಷ್ಟು ಹಿಂದೆಯೇ ಬರೆದಿದ್ದರೂ, ಅದು ಎಲ್ಲೆಡೆ ರೂಢಿಗೆ ಬರಲು ಇಪ್ಪತ್ತನೆಯ ಶತಮಾನವೂ ಬಹಳಷ್ಟು ಕಳೆಯಬೇಕಾಯಿತು.

ಹಲ್ಲಿನ ಚಿಕಿತ್ಸೆಯಲ್ಲಿ ಪೂರ್ಣ ಅರಿವಳಿಕೆಯ ಅಗತ್ಯವನ್ನು ಕಡಮೆ ಮಾಡಿದ್ದು ವಸಡಿನ ಚುಚ್ಚುಮದ್ದು. 1884ರಲ್ಲಿ ವಿಯನ್ನಾದ ಕಾರ್ಲ್ ಕೋಲರ್ ಕೊಕೇನನ್ನು ಕಣ್ಣಿಗೆ ಹಾಕಿ ನೋವಳಿಸಿದನು. ಬೇಗನೆ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಅದನ್ನು ದವಡೆಯ ನರದ ಬಳಿ ಚುಚ್ಚಿ ತೋರಿಸಿದನು. ಆ ಪ್ರಯೋಗಗಳಿಂದ ಹಾಲ್‌ಸ್ಟೆಡ್ ತಾನೇ ಕೊಕೇನಿಗೆ ದಾಸನಾದದ್ದು ಬೇರೆ ಕಥೆ. 1905ರ ಪ್ರೊಕೇನ್, 1940ರ ದಶಕದಲ್ಲಿ ಸ್ವೀಡನ್ನಿನಿಂದ ಬಂದ ಲಿಗ್ನೊಕೇನ್ ಇವುಗಳ ಬಳಿಕ, ಎಚ್ಚರವಿದ್ದೇ ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳುವುದು ಸಾಮಾನ್ಯವಾಯಿತು. ಇಂದು ಊರೂರಿನ ಚಿಕಿತ್ಸಾಲಯದಲ್ಲಿ ಕೊಡುವ ಚುಚ್ಚುಮದ್ದು ಇದೇ ವಂಶದ್ದು. ಪೂರ್ಣ ಅರಿವಳಿಕೆ ಉಳಿದದ್ದು ಆರಂಭದಲ್ಲಿ ಹೇಳಿದ ಮಕ್ಕಳು ಮುಂತಾದವರಿಗೆ.

ಬ್ರಿಟನ್ನಿನಲ್ಲಿ ಮಾತ್ರ ‘ಗ್ಯಾಸ್’ ಕೊಟ್ಟು ಹಲ್ಲು ಕೀಳುವ ಪದ್ಧತಿ ಬೀದಿಬದಿಯ ದಂತ ಚಿಕಿತ್ಸಾಲಯಗಳಲ್ಲಿ ಬಹಳ ವರ್ಷ ಮುಂದುವರಿಯಿತು. ಒಬ್ಬನೇ ವೈದ್ಯನು ಅನಿಲವನ್ನೂ ಕೊಟ್ಟು ಹಲ್ಲನ್ನೂ ಕೀಳುವುದುಂಟು. ಬಾಯಲ್ಲಿ ಕಣ್ಣಿಟ್ಟವನು ಉಸಿರಿನ ಮೇಲೆ ಕಣ್ಣಿಡಲಾರನು. ಅಲ್ಲದೆ ಹಲ್ಲಿನ ಕೆಲಸ ನಡೆಯುವುದು ಉಸಿರಿನ ದಾರಿಯಲ್ಲಿಯೇ. ರಕ್ತವಾಗಲಿ ಹಲ್ಲಿನ ಚೂರಾಗಲಿ ಜಾರಿದರೆ ಸೇರುವುದು ಶ್ವಾಸನಾಳವನ್ನು. 1990ರಲ್ಲಿ ಪೋಸ್‌ವಿಲ್ಲೋ ನೇತೃತ್ವದ ಸಮಿತಿ ಇದನ್ನು ಆದಷ್ಟು ತಪ್ಪಿಸಬೇಕೆಂದು ಹೇಳಿತು. ಆ ದಶಕದಲ್ಲಿಯೂ ಮಕ್ಕಳು ಸಾಯುವುದು ನಿಲ್ಲಲಿಲ್ಲ. ವೃತ್ತಿಯನ್ನು ನಿಯಂತ್ರಿಸುವ ಮಂಡಲಿ 1998ರಲ್ಲಿ ನಿಯಮಗಳನ್ನು ಬಿಗಿಗೊಳಿಸಿತು; 2000ದಲ್ಲಿ ಸರಕಾರದ ವರದಿ ಬಂದಿತು; 2001ರ ಕೊನೆಗೆ ಆಸ್ಪತ್ರೆಯ ಹೊರಗೆ ಹಲ್ಲಿಗಾಗಿ ಪೂರ್ಣ ಅರಿವಳಿಕೆ ಕೊಡುವುದು ನಿಂತುಹೋಯಿತು. ವೆಲ್ಸನ ಕುರ್ಚಿಯಿಂದ ಆಸ್ಪತ್ರೆಯ ಮೇಜಿಗೆ ಬರಲು 157 ವರ್ಷ ಹಿಡಿಯಿತು.

ಇಂದು ಮಗುವಿನ ಹಲ್ಲಿಗಾಗಿ ಆಪರೇಷನ್ ಥಿಯೇಟರನ್ನು ಕೇಳುವ ದಂತವೈದ್ಯರು ಕೇಳುತ್ತಿರುವುದು ಈ ಏರ್ಪಾಟನ್ನೇ. ಹಲ್ಲಿನ ಕೆಲಸಕ್ಕೆ ಒಬ್ಬರು, ಉಸಿರು ಕಾಯಲು ಮತ್ತೊಬ್ಬರು. ಶ್ವಾಸನಾಳಕ್ಕೆ ಕೊಳವೆ, ಗಂಟಲಿಗೆ ಅಡ್ಡಲಾಗಿ ತೇವದ ಬಟ್ಟೆ, ಬೆರಳಿನ ತುದಿಗೆ ರಕ್ತದ ಪ್ರಾಣವಾಯುವನ್ನು ತೋರಿಸುವ ಯಂತ್ರ, ಹೊರಬರುವ ಉಸಿರನ್ನು ಅಳೆಯುವ ಮತ್ತೊಂದು ಯಂತ್ರ. ಮುಂಚಿತವಾಗಿ ಉಪವಾಸವಿರಬೇಕೆಂದು ಹೇಳುವುದು ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶವನ್ನು ಸೇರದಿರಲೆಂದು. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ 6 ಗಂಟೆ, ತಿಳಿನೀರಿಗೆ 2 ಗಂಟೆ. ಸೂರ್ಯಾಸ್ತದ ಬಳಿಕ ಅನ್ನ ನೀರುಗಳೆರಡನ್ನೂ ಬಿಡುವ ಮನೆಗಳಲ್ಲಿ ಮರುದಿನದ ಶಸ್ತ್ರಕ್ರಿಯೆಗೆ ಮಗುವನ್ನೂ ನೀರಿಲ್ಲದೆ ಮಲಗಿಸಿ ಹಾಗೆಯೇ ಕರೆದೊಯ್ಯುವುದುಂಟು. ಅದು ಅಗತ್ಯವಲ್ಲ, ಬೆಳಗ್ಗೆ ಎದ್ದ ಮೇಲೆ ಎಷ್ಟು ಹೊತ್ತಿನವರೆಗೆ ನೀರು ಕೊಡಬಹುದೆಂದು ಅರಿವಳಿಕೆ ತಜ್ಞರನ್ನೇ ಕೇಳಬೇಕು. ಯಾವ ಔಷಧಿ ಕೊಡುತ್ತೀರಿ, ಅದರ ಹೆಸರೇನು, ಕೊಡುವವರು ಯಾರು, ಮಗು ಎಚ್ಚರಗೊಳ್ಳುವವರೆಗೆ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದನ್ನೂ ಆಗಲೇ ಕೇಳಬಹುದು. ಸಹಿ ಹಾಕುವ ಒಪ್ಪಿಗೆಪತ್ರದಲ್ಲಿ ಇವುಗಳಿಗೆ ಉತ್ತರವಿರಬೇಕು, ಇಲ್ಲವಾದರೆ ಬರೆಯಿಸಿಕೊಂಡ ಮೇಲೆ ಸಹಿ ಹಾಕಬೇಕು.